ತಾನಾಗಿಯೇ ತೂಗುವ ಉಯ್ಯಾಲೆ

ನಮ್ಮ ವಿಜಯನಗರದ ಪಾರ್ಕಿನಲ್ಲಿ ಮೂರು ಉಯ್ಯಾಲೆಗಳಿವೆ. ಎರಡು ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ. ಮೂರನೆಯದು ಯಾರೂ ಕೂರದಿದ್ದರೂ ತೂಗುತ್ತದೆ.

ನಗಬೇಡಿ. ನಾನೂ ನಕ್ಕಿದ್ದೆ.

ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. (ಸೀರಿಯಲ್ ಬಿಟ್ಟು ಹೋಗಿದ್ದೆ, ತ್ಯಾಗ ಗಮನಿಸಿ.) ಜಾರುಬಂಡೆಯ ಹತ್ತಿರ ಮಕ್ಕಳ ಗಲಾಟೆ. ಉಯ್ಯಾಲೆಯ ಕಡೆ ಒಂದು ನರಪಿಳ್ಳೆಯೂ ಇಲ್ಲ. ಗಾಳಿಯಿಲ್ಲ, ಹೊಂಗೆ ಮರದ ಎಲೆ ಕೂಡ ಅಲುಗುತ್ತಿಲ್ಲ. ಖಾಲಿ ಹಲಗೆ ಮಾತ್ರ ಮೆಲ್ಲಗೆ ಮುಂದೆ, ಮೆಲ್ಲಗೆ ಹಿಂದೆ.

"ಅಮ್ಮ, ಅಲ್ಲಿ ಯಾರೋ ಆಡ್ತಿದಾರೆ," ಅಂದಳು ಮಗಳು.

"ಯಾರೂ ಇಲ್ಲ ಕಣೇ. ಬಾ, ನೀನು ಆಡು."

ಮೈ ಜುಮ್ಮೆಂದಿದ್ದು ನಿಜ. ಆದರೆ ದೆವ್ವಗಿವ್ವ ನಂಬಬೇಡಿ ಎಂದು ಇದೇ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳಿದವಳು ನಾನು. ಹಿಂದೆ ಸರಿಯುವುದು ಹೇಗೆ? ಮಗಳನ್ನೆತ್ತಿ ಹಲಗೆಯ ಮೇಲೆ ಕೂರಿಸಿದೆ.

"ಮಗೀನ ಇಳಿಸವ್ವ!"

ಕೂಗಿದವರು ಪಾರ್ಕಿನ ಎದುರು ಮನೆಯ ನಂಜಮ್ಮಜ್ಜಿ. ಈ ಜಾಗ ರಾಗಿ ಹೊಲವಾಗಿದ್ದ ಕಾಲದಿಂದ ಇಲ್ಲಿರುವವರು. ಓಡಿ ಬಂದು ಮಗಳನ್ನು ಹಲಗೆಯಿಂದ ಎತ್ತಿಕೊಂಡರು.

"ಅಜ್ಜಿ, ನೀವೂ ದೆವ್ವ ಅಂತೀರಾ?"

"ಮೇಲೆ ನೋಡು."

ನೋಡಿದೆ. ಸರಪಳಿ ನೇತುಹಾಕಿದ್ದ ಕಬ್ಬಿಣದ ಕೊಕ್ಕೆ ಸವೆದು ಸವೆದು ಹೇರ್‌ಪಿನ್ನಿನಷ್ಟು ಸಣ್ಣಗಾಗಿತ್ತು. ಅದಕ್ಕೇ ಅಷ್ಟು ಸಲೀಸು. ರಸ್ತೆಯಲ್ಲಿ ಬಸ್ಸು ಹೋದರೂ ಸಾಕು, ತೂಗುತ್ತದೆ.

"ಕೊಕ್ಕೆ ಸವೆದೈತೆ ಅಂತ ಎಲ್ರಿಗೂ ಹೇಳ್ದೆ ಕಣವ್ವ. ಮೆಟ್ರೋಗೆ ಅಂತ ರೋಡ್ ಅಳೆಯೋರು ಬಂದ್ರು, ಇದನ್ನ ನೋಡೋರು ಬರ್ಲಿಲ್ಲ. ಹಗ್ಗ ಹಾಕಿ ಕಟ್ಟಿದೆ, ಹುಡುಗ್ರು ಬಿಚ್ಚಾಕಿದ್ರು. ಕೊನೆಗೆ ದೆವ್ವ ಐತೆ ಅಂದೆ ನೋಡು, ಒಂದು ಮಗೂನೂ ಹತ್ರ ಸುಳೀಲಿಲ್ಲ."

"ಹಾಗಾದ್ರೆ ದೆವ್ವ ಇಲ್ಲ?"

"ಇನ್ನೂ ಇಲ್ಲ," ಅಂದರು ಅಜ್ಜಿ.

ಮನೆಗೆ ಬಂದವಳೇ ಪಾರ್ಕ್ ಕಮಿಟಿಯ ಅಧ್ಯಕ್ಷರಿಗೆ ಫೋನ್ ಮಾಡಿದೆ. ಕೊಕ್ಕೆಯ ಕಥೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರೆ ತಾನೆ? "ಉಯ್ಯಾಲೆ ಪ್ರಾಬ್ಲಂ ಗೊತ್ತು ಮೇಡಂ. ಈ ಸಂಡೆ ಸಾಲ್ವ್ ಮಾಡ್ತೀವಿ!"

ಭಾನುವಾರ ಹೋಗಿ ನೋಡಿದರೆ ವೆಲ್ಡರ್ ಇಲ್ಲ. ಪುರೋಹಿತರಿದ್ದಾರೆ! ಉಯ್ಯಾಲೆಯ ಮುಂದೆ ಹೋಮ, ಕಂಬಕ್ಕೆ ಅರಿಶಿನ ಕುಂಕುಮ, ಕೆಳಗೆ ಒಡೆದ ಬೂದುಗುಂಬಳ. ಕೇಸರಿಬಾತೂ ಇತ್ತು. (ತಿಂದೆ. ಚೆನ್ನಾಗಿತ್ತು.)

"ಶಾಂತಿ ಆಯ್ತು. ಇನ್ನು ಮಕ್ಕಳು ಧೈರ್ಯವಾಗಿ ಆಡಬಹುದು," ಎಂದರು ಅಧ್ಯಕ್ಷರು.

"ಸಾರ್, ಕೊಕ್ಕೆ?"

"ಅದಕ್ಕೂ ಕುಂಕುಮ ಹಚ್ಚಿಸಿದೀವಿ ಮೇಡಂ."

ಮಕ್ಕಳು ಓಡಿ ಬಂದು ಸಾಲಾಗಿ ನಿಂತರು. ಇಷ್ಟು ದಿನ ಅವರನ್ನು ಕಾಪಾಡಿದ್ದ ದೆವ್ವವನ್ನು ಓಡಿಸಿಯಾಗಿತ್ತಲ್ಲ! ಕೊಕ್ಕೆ, ಕೊಕ್ಕೆ ಎಂದು ನಾನು ಬಡಿದುಕೊಂಡರೂ ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ಮುಂದೆ ನಿಂತಿದ್ದ ಪುಟ್ಟ ಹುಡುಗಿ ಸರಪಳಿಗೆ ಕೈ ಹಾಕಿದಳು.

ಕಿರುಚಿಬಿಟ್ಟೆ. "ಅಯ್ಯೋ, ಹೋಗಿಲ್ಲ! ಅಲ್ಲೇ ಕೂತಿದೆ! ನಂಗೆ ಕಾಣಿಸ್ತಿದೆ!"

ಕ್ಷಣದಲ್ಲಿ ಜಾಗ ಖಾಲಿ. ಪುರೋಹಿತರೂ ನಾಪತ್ತೆ. ನಾನು ಮಾತ್ರ ನಡುಗುತ್ತಾ ನಿಂತಿದ್ದೆ, ಅದೇನೂ ನಾಟಕವಾಗಿರಲಿಲ್ಲ.

ಬೈಯಿರಿ. ಮೂಢನಂಬಿಕೆ ಹಬ್ಬಿಸಿದಳು ಎಂದು ಸಂಪಾದಕರಿಗೆ ಪತ್ರ ಬರೆಯಿರಿ. ಕೊಕ್ಕೆ ಇವತ್ತೂ ಹಾಗೇ ಇದೆ, ಕುಂಕುಮ ಸಮೇತ. ಅದು ಕಳಚಿದ ದಿನ ನಮ್ಮ ಪಾರ್ಕಿಗೆ ನಿಜವಾದ ದೆವ್ವವೇ ಬರುತ್ತದೆ.

ಅದು ಯಾರ ಮನೆಯಿಂದ ಬರಲಿ ಎಂದು ಕಾಯುತ್ತಿದ್ದೇವೆ?