ಹದಿನಾಲ್ಕು ಪಾಸು, ಒಂದೇ ನಂಬರು

ಭಾನುವಾರ, ಬೆಳಗಿನ ಆರು ಗಂಟೆ. ಸೊಲ್ಲಾಪುರದ ಫುಟ್‌ಬಾಲ್ ಮೈದಾನದ ಗೇಟಿನಲ್ಲಿ ಚಂದ್ರಭಾಗಾಬಾಯಿ ಮೇಜಿನ ಕುಂಟುಕಾಲಿಗೆ ಇಟ್ಟಿಗೆ ಚೂರು ಕೊಟ್ಟು, ಇಬ್ಬನಿ ಒರೆಸಿ, ಮೊಬೈಲ್ ತೆಗೆದು ಕೂತಿದ್ದಾರೆ. ಒಬ್ಬ ಕೋಚ್ ಆಟಗಾರ್ತಿಯರ ಮೊಬೈಲ್ ಪಾಸಿನ ಬದಲು ಅದರ ಮಸುಕು ಫೋಟೊ ತೋರಿಸುತ್ತಾನೆ. ಇನ್ನೊಬ್ಬನ ನೆಟ್ ಪ್ಯಾಕು ಮುಗಿದಿದೆ.

"ಅಯ್ಯ ದೇವರ! ನಿನ್ನೇನೇ ನೋಡ್ಕೊಂಡು ಬರ್ರಿ ಅಂತ ಎಷ್ಟು ಸಲ ಒದರಬೇಕ್ರಿ?"

ವಾರದ ಆರು ದಿನ ಊರಾಚೆಯ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಮಡಚಿ ಪ್ಯಾಕ್ ಮಾಡುವ ಹೆಂಗಸು ಇವರು. ವಯಸ್ಸು ನಲವತ್ತೊಂಬತ್ತು. ಮಗಳು ನಂದಾ ಆಡುತ್ತಿದ್ದ ಕಾಲಕ್ಕೆ ಯಾರೋ "ಸುಮ್ನೆ ಕೂತೀರಿ, ಸ್ವಲ್ಪ ಇದನ್ನ ನೋಡ್ರಿ" ಎಂದು ಮೇಜಿಗೆ ಕೂರಿಸಿದರು. ನಂದಾ ಆಟ ಬಿಟ್ಟಳು, ತಾಯಿ ಮೇಜು ಬಿಡಲಿಲ್ಲ. ಭಾನುವಾರಕ್ಕೆ ಹನ್ನೆರಡು ತಂಡ, ನೂರರವತ್ತು ಪಾಸು. ಸ್ಕ್ಯಾನ್ ಮಾಡಬೇಕು, ಮುಖಕ್ಕೂ ಫೋಟೊಗೂ ತಾಳೆ ನೋಡಬೇಕು, ಹಸಿರು ಗುರುತು ಬಿದ್ದರಷ್ಟೇ ಒಳಗೆ. ಏಳೂವರೆಗೆ ಪಟ್ಟಿ ಬಂದ್.

ಇಷ್ಟು ಕಟ್ಟುನಿಟ್ಟು ಯಾಕೆ? ಹೋದ ವರ್ಷ ನಾಗಣಸೂರ ಹಳ್ಳಿಯ ಹುಡುಗಿಯೊಬ್ಬಳನ್ನು ಪಾಸಿಲ್ಲದೆ, ಗುರುತಿನ ಮುಖವೆಂದು ಚಂದ್ರಭಾಗಾಬಾಯಿಯೇ ಒಳಗೆ ಬಿಟ್ಟಿದ್ದರು. ಎದುರು ತಂಡ ತಕರಾರು ತೆಗೆಯಿತು, ಗೆದ್ದ ಪಂದ್ಯ ರದ್ದಾಯಿತು. "ಹುಡುಗೇರು ಅತ್ಕೋತ ಟಮಟಮ್ ರಿಕ್ಷಾ ಹತ್ತಿದ್ರು. ತಪ್ಪು ನಂದು, ಶಿಕ್ಷಾ ಅವರಿಗಿ," ಎನ್ನುತ್ತಾರೆ.

ಈಗ ಅದೇ ನಾಗಣಸೂರದ ಹದಿನಾಲ್ಕು ಹುಡುಗಿಯರು ಎದುರಿಗೆ ನಿಂತಿದ್ದಾರೆ. ಗೆದ್ದರೆ ಸೆಮಿಫೈನಲ್. ಕೋಚ್ ಸೋಮೇಶ ಸರ್ ಹೊಸ ಮೊಬೈಲ್ ಕೊಂಡಿದ್ದಾರೆ, ಅದರಲ್ಲಿ ಪಾಸುಗಳು ತೆರೆಯುತ್ತಿಲ್ಲ. ಒಂದು ಓಟಿಪಿ ಹಾಕಿದರೆ ಎಲ್ಲವೂ ತೆರೆಯುತ್ತವೆ. ಅದು ಹೋಗುವುದು ಊರಿನ ಬಸಣ್ಣನ ಮೊಬೈಲಿಗೆ. ಹದಿನಾಲ್ಕೂ ಪಾಸಿಗೆ ಅವನದೇ ನಂಬರು!

"ಎಲ್ಲಾರೂ ರಿಚಾರ್ಜ್ ಮುಗದ್ರ ಸಿಮ್ಮೇ ಬದಲಸ್ತಾರ, ಬಾಯಿ. ಬಸಣ್ಣಂದೊಂದೇ ಹದಿನೈದು ವರ್ಷದಿಂದ ಕಾಯಮ್ ಅದ," ಎಂದು ಸರ್ ತಲೆ ಕೆರೆಯುತ್ತಾರೆ.

"ಅದಕ್ಕ ಇಡೀ ಊರಿನ ಹುಡುಗೇರ್ನ ಅವನ ಕೊರಳಿಗಿ ಕಟ್ಟಿದ್ರೇನು? ಹಚ್ರಿ ಫೋನು!"

ಬಸಣ್ಣ ನೀರು ಬಿಡಲು ಹೊಲಕ್ಕೆ ಹೋಗಿದ್ದಾನೆ, ಮೊಬೈಲ್ ಮನೆಯಲ್ಲಿ ಚಾರ್ಜಿಗಿದೆ. ಎತ್ತಿದವರು ಹೆಂಡತಿ ಕಸ್ತೂರಬಾಯಿ. ಅವರಿಗೆ ಬರುವುದು ಮರಾಠಿ ಅಂಕಿ, ಪರದೆಯ ಮೇಲಿರುವುದು ಇಂಗ್ಲಿಷ್ ಅಂಕಿ. ಓದಿ ಹೇಳಿದ್ದು ತಪ್ಪಾಯಿತು. ಎರಡನೇ ಸಲವೂ ತಪ್ಪು. ಗಡಿಯಾರ ಏಳು ಇಪ್ಪತ್ತಾರು. ಹುಡುಗಿಯರಲ್ಲಿ ಒಬ್ಬಳು ಬೂಟಿನ ಲೇಸು ಬಿಚ್ಚತೊಡಗುತ್ತಾಳೆ.

"ಏ, ಬಿಚ್ಚಬ್ಯಾಡ!" ಎಂದು ಗದರಿ ಚಂದ್ರಭಾಗಾಬಾಯಿ ಫೋನು ಕಸಿದುಕೊಳ್ಳುತ್ತಾರೆ. "ಅಕ್ಕಾ, ಓದಬ್ಯಾಡ್ರಿ. ನೋಡ್ಲಿಕ್ಕ ಹ್ಯಾಂಗದ, ಅಷ್ಟು ಹೇಳ್ರಿ."

"ಉಂಡಿ ಮ್ಯಾಲೊಂದು ಉಂಡಿ."

"ಎಂಟು. ಮುಂದ?"

"ಒಂದು ಬಡಿಗಿ, ನೆಟ್ಟಗ ನಿಂತದ."

"ಒಂದು. ಲಗೂನ ಹೇಳ್ರಿ, ನನ್ನವ್ವ!"

"ಕುರ್ಚಿ, ತಲಿಕೆಳಗ ಮಾಡಿದ್ದು…"

ನಾಲ್ಕು! ಉಳಿದ ಅಂಕಿಗಳೂ ಹೀಗೇ ಬಂದು ಪಾಸುಗಳು ತೆರೆಯುತ್ತವೆ. ಗಂಟೆ ಏಳು ಇಪ್ಪತ್ತೊಂಬತ್ತಕ್ಕೆ ಹದಿನಾಲ್ಕನೆಯ ಹಸಿರು ಗುರುತು ಬೀಳುತ್ತದೆ. ಹುಡುಗಿಯರು ಹೋ ಎಂದು ಒಳಗೆ ಓಡುತ್ತಾರೆ. ಎರಡು ಗೋಲಿನಿಂದ ಗೆದ್ದೂ ಬರುತ್ತಾರೆ. ಬಂದವರನ್ನು ಸಾಲಾಗಿ ನಿಲ್ಲಿಸಿ ಚಂದ್ರಭಾಗಾಬಾಯಿ ಬೈಯುತ್ತಾರೆ: "ಇನ್ನ ಮ್ಯಾಲೆ ಬಸಣ್ಣನ ನಂಬರ್ ತಂದ್ರ ನೋಡ್ರಿ. ಯಾವಾಗ ಫೋನ್ ಹಚ್ಚಿದ್ರೂ ಹತ್ತೋ ನಂಬರ್ ಹಾಕಿ ಬರ್ರಿ!"

"ಹ್ಞೂಂ, ಮೌಶಿ," ಎಂದು ಎಲ್ಲರೂ ತಲೆಯಾಡಿಸುತ್ತಾರೆ.

ಸೆಮಿಫೈನಲ್‌ನ ಭಾನುವಾರ. ಮೇಜು ಹಾಕುವ ಮುಂಚೆಯೇ ಚಂದ್ರಭಾಗಾಬಾಯಿಯ ಚೀಲದಲ್ಲಿ ಮೊಬೈಲ್ ಟಣ್ ಎನ್ನುತ್ತದೆ. ಮತ್ತೆ ಟಣ್. ನಿಲ್ಲುವುದೇ ಇಲ್ಲ. ತೆಗೆದು ನೋಡಿದರೆ ಒಂದಾದ ಮೇಲೊಂದು ಓಟಿಪಿ, ಹದಿನಾಲ್ಕು: ಒಂದೊಂದು ಪಾಸಿನ ನಂಬರು ಬದಲಿಸಲು ಒಂದೊಂದು.

ನಾಗಣಸೂರದ ಗೋಲ್‌ಕೀಪರ್ ಮನೀಷಾ ಹಲ್ಲು ಕಿಸಿಯುತ್ತ ಬರುತ್ತಾಳೆ. "ಯಾವಾಗ ಹಚ್ಚಿದ್ರೂ ಹತ್ತೋದು ನಿಮ್ದೊಂದೇ, ಮೌಶಿ."

"ನನ್ನ ಕರ್ಮ! ಈಗ ಮೇಜಿನ ಆ ಕಡೀನೂ ನಾನೇ, ಈ ಕಡೀನೂ ನಾನೇ!" ಚಂದ್ರಭಾಗಾಬಾಯಿ ಹಣೆ ಚಚ್ಚಿಕೊಳ್ಳುತ್ತಾರೆ. ಒಬ್ಬೊಬ್ಬ ಹುಡುಗಿಗೂ ತನ್ನದೇ ನಂಬರಿರಬೇಕು ಎನ್ನುವುದು ಅವರ ಆಸೆ. ಅಲ್ಲಿಯವರೆಗೆ?

"ಇನ್ನ ನನ್ನ ರಿಚಾರ್ಜ್ ತಪ್ಪಸಂಗಿಲ್ಲ," ಎಂದು ಕನ್ನಡಕ ಏರಿಸಿ, ಮೊದಲ ಪಾಸಿಗೆ ಕೈ ಚಾಚುತ್ತಾರೆ.