ಪೋನಿಮಿನ್ ನುಂಗಿದ ‘ಮೊಂಗೊ’

ಸುಂಬರ್ಜಾತಿ ಎಂಬ ಊರಿನ ಮನೆಗಳಿಗೆ ಬೀಗವಿಲ್ಲ. ಊರಿಗೆಲ್ಲ ಇದ್ದ ಬೀಗ ಒಂದೇ, ಅದು ಊರಬಾಗಿಲ ಕಾವಲುಕಟ್ಟೆಯಲ್ಲಿ ತೂಗುಹಾಕಿದ ಹಲಸಿನ ಕೊರಡು. ಒಳಗೆ ಟೊಳ್ಳು, ಹೊಟ್ಟೆಯ ಮೇಲೆ ಉದ್ದಕ್ಕೆ ಒಂದು ಸೀಳು. ಮೂರು ಪೆಟ್ಟು ಬಿದ್ದರೆ ಬೆಂಕಿ, ನಾಲ್ಕು ಬಿದ್ದರೆ ಹೊಳೆ ಏರಿದೆ, ಐದು ಬಿದ್ದರೆ ದನಗಳ್ಳ. ಊರಿನವರು ಗದ್ದೆಗೋ ಮಸೀದಿಗೋ ಹೋದಾಗ, ನಾಟಿಯ ಕಾಲದಲ್ಲಂತೂ ದಿನವಿಡೀ, ಆ ಕೊರಡಿನ ಪಕ್ಕ ಕೂರುವವನು ಪೋನಿಮಿನ್. ಕೊರಡನ್ನು ಕೊರೆದವನು ಅವನ ಅಪ್ಪ. ಪೋನಿಮಿನ್ ಹರೆಯದಲ್ಲಿ ತೆಂಗಿನಮರದಿಂದ ಜಾರಿಬಿದ್ದು ಎಡಗಾಲು ಮುರಿದುಕೊಂಡ ಮೇಲೆ ಕೆಸರಿನ ಕೆಲಸ ಅವನಿಂದಾಗಲಿಲ್ಲ. ಪಾಪ, ಕೂತು ತಿನ್ನುವವನು ಅನ್ನಿಸಿಕೊಳ್ಳಬಾರದಲ್ಲ, ಹಾಗಾಗಿ ಕಾವಲು ವಹಿಸಿಕೊಂಡ. ಮನೆಗೊಂದು ಹಿಡಿಯಂತೆ ಅಕ್ಕಿ ಬರುತ್ತಿತ್ತು. ಅವನೂ ಅವನ ಹೆಂಡತಿ ತುಮಿರಾಳೂ ಅದರಲ್ಲೇ ಉಂಡು, ಹಿತ್ತಲಲ್ಲಿ ನಾಲ್ಕು ಮೆಣಸಿನ ಗಿಡ ಬೆಳೆದುಕೊಂಡು, ಯಾರ ಹಂಗೂ ಇಲ್ಲದೆ ಮೂವತ್ತು ವರ್ಷ ಬದುಕಿದರು.

ಆ ದಾರಿಯಲ್ಲಿ ಹಾಯುವವರು ಕಟ್ಟೆಯ ಮುಂದೆ ಸ್ವಲ್ಪ ಬಾಗಿ ಅಪ್ಪಣೆ ಕೇಳಬೇಕು. ಕಟ್ಟೆಯಲ್ಲಿದ್ದವನು ‘ಮೊಂಗೊ’ ಅನ್ನಬೇಕು. ಹೋಗಿಬನ್ನಿ, ದಾರಿ ನಿಮ್ಮದೇ ಅಂದಹಾಗೆ. ಕೇಳದೆ ಹೋದವನು ಮುಂದೆ ಏನೇ ಆದರೂ ಹೊಣೆ ಹೊರಬೇಕು. ಇದು ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಪೋನಿಮಿನ್ ‘ಮೊಂಗೊ’ ಅನ್ನುವ ಚಂದವೇ ಬೇರೆ. ಕೊನೆಯಲ್ಲಿ ಸ್ವಲ್ಪ ಎಳೆಯುತ್ತಿದ್ದ, ನಗುತ್ತಿದ್ದ.

ಆ ಚಂದವೇ ಅವನಿಗೆ ಮುಳುವಾಯಿತು. ನಾಟಿಗೆ ನಾಲ್ಕು ತಿಂಗಳ ಮೊದಲು, ಒಂದು ಶುಕ್ರವಾರ ಮಧ್ಯಾಹ್ನ, ಗಂಡಸರೆಲ್ಲ ಮಸೀದಿಯಲ್ಲಿದ್ದಾಗ, ತಲೆಗೆ ಒಪ್ಪವಾದ ಟೋಪಿ ಹಾಕಿಕೊಂಡ ಒಬ್ಬ ಕೊಬ್ಬಿದ ಹೋರಿಯನ್ನು ಹಿಡಿದುಕೊಂಡು ಬಂದ. ಸೊಂಟ ಬಗ್ಗಿಸಿ ಅಪ್ಪಣೆ ಕೇಳಿದ. ಬಿಸಿಲು ಜೋರು, ಕಾಲಿಗೆ ಹುಷಾರು ಅಣ್ಣಾ ಎಂದು ಉಪಚಾರದ ಮಾತೂ ಆಡಿದ. ಪೋನಿಮಿನ್ ಹಲ್ಲು ಕಿರಿದು ‘ಮೊಂಗೊ, ಮೊಂಗೋ’ ಅಂದ. ಹೋರಿ ತ್ರಿಯೊನೊ ಎಂಬ ರೈತನದು. ಹೋದದ್ದು ಹೋಗೇಬಿಟ್ಟಿತು.

ಆಮೇಲೆ ಊರು ಬಿಟ್ಟೀತೇ? ಚಹದಂಗಡಿಯಲ್ಲಿ ಅವನಿಗೆ ಹೊಸ ಹೆಸರೇ ಬಂತು.

“ಬಂದ್ರಪ್ಪಾ ಮೊಂಗೊ ಸಾಹೇಬ್ರು! ಕಳ್ಳನಿಗೆ ಬುತ್ತಿ ಕಟ್ಟಿ ಕೊಡೋದೊಂದು ಮರೆತ್ರಂತೆ!”

“ಸುಮ್ನಿರೋ, ಮುಂದಿನ ಸಲ ನೀರೂ ಕೊಟ್ಟು ಕಳಿಸ್ತಾರೆ.”

ತ್ರಿಯೊನೊ ನಗಲೂ ಇಲ್ಲ, ಬೈಯಲೂ ಇಲ್ಲ. ಹಿಡಿ ಅಕ್ಕಿ ಮಾತ್ರ ತಪ್ಪದೆ ತಂದು ಸುರಿದು, ಮುಖ ನೋಡದೆ ಹೋಗುತ್ತಿದ್ದ. ಪೋನಿಮಿನ್‌ಗೆ ಆ ಅಕ್ಕಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಂದೇ ಒಂದು ಸಲ, ಒಬ್ಬ ಕಳ್ಳ ಕೈಗೆ ಸಿಗಲಿ ಎಂದು ಅವನು ದಿನಾ ಬೇಡಿಕೊಳ್ಳುತ್ತಿದ್ದ. ಎಂಥಾ ಬೇಡಿಕೆ ನೋಡಿ!

ನಾಟಿಯ ಮೂರನೆಯ ದಿನ, ಹೊತ್ತು ನೆತ್ತಿಗೇರುವ ಮುಂಚೆ, ಊರೊಳಗಿನಿಂದ ಒಬ್ಬ ಬಡಕಲು ಮನುಷ್ಯ ಕಂದು ಹಸುವೊಂದನ್ನು ಹಿಡಿದುಕೊಂಡು ಬಂದ. ಗುರುತಿಲ್ಲದ ಮುಖ, ಹೊಳೆಯ ಕಡೆಯಿಂದ ಊರೊಳಗೆ ಇಳಿದಿರಬೇಕು. ಹಸು ಮಾತ್ರ ಗುರುತಿನದು, ವಿಧವೆ ಮಾರ್ಸಿನಾಳ ಕೊಟ್ಟಿಗೆಯದು. ಆತ ಕಟ್ಟೆಯ ಮುಂದೆ ನಿಂತು, ಬಾಗಿ, ಮೆಲ್ಲಗೆ ಹೇಳಿದ:

“ಅಪ್ಪಣೆಯಾಗ್ಲಿ ಅಣ್ಣಾ. ಹಾದು ಹೋಗ್ತೀನಿ.”

ಪೋನಿಮಿನ್‌ನ ನೆನಪಿಗೆ ಆ ಹೋರಿಗಳ್ಳ ಬಂದ. ಅದೇ ಬಾಗುವಿಕೆ, ಅದೇ ಮೆದು ಮಾತು. ಈ ಸಲವೂ ನನ್ನ ಕಣ್ಣಿಗೆ ಮಣ್ಣೆರಚುತ್ತೀಯಾ, ಬಾ ಮಗನೇ, ಅಂದುಕೊಂಡ. ‘ಯಾರಪ್ಪಾ ನೀನು? ಯಾರ ಹಸು?’ ಎಂಬ ನಾಲ್ಕು ಮಾತು ಕೇಳಬಹುದಿತ್ತು. ಕೇಳಲಿಲ್ಲ. ‘ಮೊಂಗೊ’ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಮುಖ ತಿರುಗಿಸಿ ಕೂತ. ಆ ಮನುಷ್ಯ ಸ್ವಲ್ಪ ಕಾದ. ಇನ್ನೊಂದು ಸಲ ಬಾಗಿದ. ಉತ್ತರವಿಲ್ಲದ್ದು ಕಂಡು, ಮುಜುಗರಪಟ್ಟು, ಹಗ್ಗ ಎಳೆದು ಹೊರಟ. ಅವನು ಹತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ, ಪೋನಿಮಿನ್ ಕೊರಡಿನ ಮೇಲೆ ಐದು ಪೆಟ್ಟು ಹಾಕಿದ. ಮತ್ತೆ ಐದು. ಮತ್ತೆ ಐದು.

ಗದ್ದೆಯಿಂದ ಗಂಡಸರು ಗುದ್ದಲಿ ಕಾವು ಹಿಡಿದುಕೊಂಡು ಕೆಸರುಗಾಲಲ್ಲೇ ಓಡಿಬಂದರು. ಮುಂದೆ ತ್ರಿಯೊನೊ. ಆ ಮನುಷ್ಯ ಓಡಲಿಲ್ಲ. ಏನಾಯಿತೆಂದು ತಾನೂ ತಿರುಗಿ ನೋಡುತ್ತ ನಿಂತಿದ್ದ. ಮೈಮೇಲೆ ಮೊದಲ ಪೆಟ್ಟು ಬಿದ್ದಾಗಲೂ ಹಗ್ಗ ಬಿಡಲಿಲ್ಲ. ಕುಂಟುಗಾಲಿನ ಪೋನಿಮಿನ್ ಕಟ್ಟೆಯಲ್ಲೇ ಇದ್ದು ಬಾರಿಸುತ್ತಲೇ ಇದ್ದ. ಎಷ್ಟೋ ದಿನದ ಮೇಲೆ ಅವನಿಗೆ ಖುಷಿಯಾಗಿತ್ತು. ಹೌದು, ಖುಷಿ. ಆಮೇಲಿನ ದಿನಗಳಲ್ಲಿ ಅವನನ್ನು ಹೆಚ್ಚು ತಿಂದದ್ದು ಅದೇ.

ಅಷ್ಟರಲ್ಲಿ ಮಾರ್ಸಿನಾ ಸಸಿಯ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಚೀರುತ್ತ ಬಂದಳು.

“ಅಯ್ಯೋ ಬಿಡ್ರೋ, ಬಿಡ್ರೋ! ಅವನ್ದೇ ಹಸು ಕಣ್ರೋ! ನಾನು ಸಾಕೋಕೆ ಇಟ್ಕೊಂಡಿದ್ದು, ಕರು ನಂಗೆ ಹಸು ಅವ್ನಿಗೆ ಅಂತ ಮಾತಾಗಿತ್ತು! ನಾನು ಗದ್ದೇಲಿ ಇರ್ತೀನಿ, ನೀನೇ ಬಿಚ್ಕೊಂಡು ಹೋಗು ಅಂತ ಹೇಳಿದ್ದೋಳು ನಾನು! ಕೊಂದ್‌ಬಿಟ್ರಲ್ಲೋ ಪಾಪಿಗಳಾ!”

ಗುದ್ದಲಿ ಕಾವುಗಳು ಕೆಳಗಿಳಿದವು. ಅವನ ಹೆಸರು ಲಾಸಿಯೊ, ಹೊಳೆಯಾಚೆಯ ಕಾಲಿವೆಲು ಊರಿನವನು. ಬಲಗೈ ಮುರಿದಿತ್ತು. ಎರಡು ಹಲ್ಲು ಹೋಗಿದ್ದವು. ಎಡಗಿವಿಯಿಂದ ರಕ್ತ ಸೋರುತ್ತಿತ್ತು. ಅವನ ಹೊಟ್ಟೆಪಾಡೇ ಹೊಳೆಯಾಚೆಯ ಊರುಗಳ ದನಗಳನ್ನು ಸಂತೆಗೆ ಹೊಡೆದುಕೊಂಡು ಹೋಗುವುದು. ಜನ ನಂಬಿ ಅವನ ಕೈಗೆ ಹಗ್ಗ ಕೊಟ್ಟರೆ ಅನ್ನ, ಕೊಡದಿದ್ದರೆ ಇಲ್ಲ.

ಸಂಜೆಗೆ ಮೊದಲು ಊರ ಮುಖಂಡ ಹರ್ಜಿತೊ ಕಟ್ಟೆಗೆ ಬಂದು ಪೋನಿಮಿನ್‌ನ ಪಕ್ಕ ಕೂತ.

“ಒಂದೇ ಮಾತು ಹೇಳು ಮಾರಾಯ. ಅವ್ನು ಅಪ್ಪಣೆ ಕೇಳಿದ್ನಾ?”

ಮೂವತ್ತು ವರ್ಷದ ಮಾನ, ಹಿಡಿ ಅಕ್ಕಿ, ಚಹದಂಗಡಿಯ ನಗೆ, ಎಲ್ಲವೂ ಒಟ್ಟಿಗೆ ಪೋನಿಮಿನ್‌ನ ತಲೆಯಲ್ಲಿ ಹಾದುಹೋದವು.

“ನಂಗೇನೂ ಕೇಳಿಸ್ಲಿಲ್ಲ,” ಅಂದ.

“ಅಷ್ಟು ಸಾಕು,” ಹರ್ಜಿತೊ ನಿಟ್ಟುಸಿರು ಬಿಟ್ಟ. “ಊರು ಉಳೀತು.”

ಊರಿನವರು ಒಬ್ಬರೂ ಅವನನ್ನು ಬೈಯಲಿಲ್ಲ. ‘ಕೇಳದೆ ಹೋದ್ರೆ ಬಾರಿಸ್ದೆ ಇನ್ನೇನ್ ಮಾಡ್ತಾನೆ’ ಎಂದು ಮೊಂಗೊ ಸಾಹೇಬ್ ಎಂಬ ಹೆಸರನ್ನೂ ಕೈಬಿಟ್ಟರು. ತ್ರಿಯೊನೊ ಅಕ್ಕಿ ಸುರಿಯುವಾಗ ಭುಜ ಮುಟ್ಟಿ ಹೋದ. ಪೋನಿಮಿನ್‌ಗೆ ಆ ಭುಜವನ್ನು ಕತ್ತರಿಸಿ ಎಸೆಯಬೇಕೆನ್ನಿಸಿತು. ಊಟ ಸೇರಲಿಲ್ಲ.

“ಬಾಯಿಬಿಟ್ಟು ಹೇಳೋದಿದ್ರೆ ಹೇಳಿ,” ಅಂದಳು ತುಮಿರಾ. “ಹಿಂಗೆ ಅನ್ನ ಕಲಸಿಕೊಂಡು ಕೂತ್ರೆ ಕೋಳಿಗೆ ಹಬ್ಬ ಅಷ್ಟೆ.”

ಅವನು ಅವಳಿಗೂ ಹೇಳಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಹರ್ಜಿತೊನ ಜಗಲಿಯಲ್ಲಿ ರಾಜಿ. ಲಾಸಿಯೊ ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಹೆಂಡತಿಯೊಡನೆ ಬಂದ. ಸರಿಯಿದ್ದ ಕೈಯಲ್ಲಿ ಒಂದು ಬಾಳೆಗೊನೆ. ಬರಿಗೈಲಿ ಬರಬಾರದಲ್ಲ ಎಂದು ತಂದಿದ್ದ! ಬಡಿದವರ ಮನೆಬಾಗಿಲಿಗೆ ಬಡಿಸಿಕೊಂಡವನು ಹಣ್ಣು ತಂದಿದ್ದ. ಅದನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯಲಿಲ್ಲ.

ಹರ್ಜಿತೊ ಕಾಗದ ಓದಿದ. ಹಾದುಹೋಗುವವನು ಕಾವಲುಕಟ್ಟೆಯಲ್ಲಿ ಅಪ್ಪಣೆ ಕೇಳದ ಕಾರಣ ಊರಿನವರು ತಪ್ಪು ತಿಳಿದರು, ಎರಡೂ ಕಡೆಯವರು ಪರಸ್ಪರ ಕ್ಷಮಿಸಿದ್ದಾರೆ, ಇಷ್ಟು. ಈ ಕಾಗದಕ್ಕೆ ಹೆಬ್ಬೆಟ್ಟು ಬಿದ್ದರೆ ಹೊಳೆಯ ಎರಡೂ ದಂಡೆಯಲ್ಲಿ ಲಾಸಿಯೊ ಅಪ್ಪಣೆ ಕೇಳದೆ ದನ ಹೊಡೆದುಕೊಂಡು ಹೋದವನಾಗುತ್ತಾನೆ. ಆಮೇಲೆ ಅವನ ಕೈಗೆ ಹಗ್ಗ ಕೊಡುವವರು ಯಾರು? ಇದು ಜಗಲಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಲಾಸಿಯೊನ ಹೆಂಡತಿಗಂತೂ ಚೆನ್ನಾಗಿ ಗೊತ್ತಿತ್ತು. ಅವಳು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

“ನಿಂಗೆ ಏನಾದ್ರೂ ಹೇಳೋದಿದೆಯಾ?” ಹರ್ಜಿತೊ ಕೇಳಿದ.

ಲಾಸಿಯೊ ಪೋನಿಮಿನ್‌ನ ಕಡೆ ನೋಡಿದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಕೇಳಿದ್ದೆ ಅಂತ ನಂಗೆ ನೆನಪು. ಆದ್ರೆ ನನ್ನ ದನೀನೇ ಸಣ್ಣದು. ಹುಟ್ಟಿನಿಂದ ಹಂಗೇನೇ. ಅಣ್ಣನಿಗೆ ಕೇಳಿಸಿರ್ಲಿಕ್ಕಿಲ್ಲ. ತಪ್ಪು ನಂದೇ, ಹೊಟ್ಟೇಗ್ ಹಾಕ್ಕೊಳ್ಳಿ.”

ಹೀಗೆಂದು ಅವನು ಹೆಬ್ಬೆಟ್ಟನ್ನು ಮಸಿಯ ಕಡೆ ಚಾಚಿದ. ಎಡಗೈ ಹೆಬ್ಬೆಟ್ಟು, ಬಲಗೈ ಬಟ್ಟೆಯಲ್ಲಿತ್ತಲ್ಲ. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಪೋನಿಮಿನ್‌ಗೆ. ಕಂಬ ಹಿಡಿದು ಎದ್ದ.

“ಕೇಳಿಸಿತ್ತು.”

“ಏನು?” ಅಂದ ಹರ್ಜಿತೊ.

“ಅವನು ಕೇಳಿದ. ಎರಡು ಸಲ ಬಾಗಿದ. ನನಗೆ ಕೇಳಿಸಿತ್ತು, ಕಾಣಿಸಿತ್ತು. ಉತ್ತರ ಕೊಡದೆ ಇದ್ದೋನು ನಾನು. ಯಾರು ಏನು ಅಂತ ಕೇಳದೆ ಬಾರಿಸ್ದೋನೂ ನಾನೇ. ಅವನ ಹೆಬ್ಬೆಟ್ಟು ತಗೋಬೇಡಿ, ದಮ್ಮಯ್ಯ.”

ತ್ರಿಯೊನೊ ಎದ್ದು ನಿಂತ.

“ಥೂ ನಿನ್ನ! ನಾನು ಹೊಡೆದೆನಲ್ಲೋ ಅವನ್ನ! ಈ ಕೈಲಿ! ನೀನು ಬಾರಿಸಿದೆ ಅಂತ ಹೊಡೆದೆ!”

“ಹೌದು,” ಅಂದ ಪೋನಿಮಿನ್.

ಲಾಸಿಯೊ ಮಾತ್ರ, ತಾನೇ ಏನೋ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದವನಂತೆ ತಲೆ ತಗ್ಗಿಸಿದ್ದ. “ಕೂತ್ಕೊಳ್ಳಿ ಅಣ್ಣಾ,” ಅಂದ, “ಕಾಲು ನೋಯುತ್ತೆ. ಚಹಾ ಆರ್ತಿದೆ.”

ಕಾಗದ ಹರಿದು ಹೊಸದು ಬರೆದರು. ತಪ್ಪು ಸುಂಬರ್ಜಾತಿಯ ಕಾವಲಿನದು ಎಂದೇ ಬರೆದರು. ಲಾಸಿಯೊನ ಕೈ ಕೂಡುವವರೆಗೆ ಅವನ ಗದ್ದೆಯ ಕೆಲಸ ತ್ರಿಯೊನೊ ಮತ್ತು ಜೊತೆಯವರದು ಎಂದೂ ಬರೆದರು, ಹಾಗೆಯೇ ನಡೆಸಿದರು. ಜನ ಮತ್ತೆ ಲಾಸಿಯೊನ ಕೈಗೆ ಹಗ್ಗ ಕೊಟ್ಟರು, ಈ ದಂಡೆಯವರೂ ಕೊಟ್ಟರು. ಪೋನಿಮಿನ್ ಕೊರಡಿನ ಬಡಿಗೆಯನ್ನು ತಂದು ಹರ್ಜಿತೊನ ಮುಂದಿಟ್ಟರೆ ಅವನು ವಾಪಸು ತಳ್ಳಿದ. “ಬೇರೆ ಯಾರು ಕೂರ್ತಾರೆ ಅಲ್ಲಿ? ನೀನೇ ಕೂತು ಅನುಭವಿಸು,” ಅಂದ.

ಹೇಳಿಬಿಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದ ಪೋನಿಮಿನ್. ಮನೆಯಲ್ಲಿ ಎರಡು ದಿನ ಹೊಟ್ಟೆ ತುಂಬ ಉಂಡ ಕೂಡ. ಆದರೆ ಲಾಸಿಯೊ ದನದ ದಾರಿಗೆ ಮತ್ತೆ ಇಳಿದ ಮೊದಲ ಸಂತೆಯ ದಿನ, ಬಿದಿರು ಮೆಳೆಯ ತಿರುವಿನಿಂದಲೇ ಒಂದು ಕೂಗು ಕೇಳಿಸಿತು. ಹುಟ್ಟಿನಿಂದ ದನಿ ಸಣ್ಣದು ಅಂದಿದ್ದವನು ಗಂಟಲು ಹರಿಯುವಂತೆ ಕೂಗುತ್ತಿದ್ದ.

“ಅಣ್ಣಾ! ನಾನು ಲಾಸಿಯೊ! ಹಗ್ಗದಲ್ಲಿರೋದು ಪಕ್ಕದೂರ ಸಕೀಮನ ಹೋರಿ! ಸಂತೆಗೆ ಹೊಡ್ಕೊಂಡು ಹೋಗ್ತಿದೀನಿ! ಅಪ್ಪಣೆಯಾಗ್ಲಿ!”

ಕೊಂಕಿಗೆ ಕೂಗಿದ್ದಲ್ಲ, ಹೆದರಿಕೆಗೆ ಕೂಗಿದ್ದು. ಕೂಗಿ ತಿರುವಿನಲ್ಲೇ ನಿಂತುಬಿಟ್ಟ.

“ಮೊಂಗೊ!” ಅಂದ ಪೋನಿಮಿನ್.

ಲಾಸಿಯೊ ಕದಲಲಿಲ್ಲ. ಗದ್ದೆಯಲ್ಲಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಪೋನಿಮಿನ್ ಇನ್ನೊಂದು ಸಲ, ಊರಿಗೆಲ್ಲ ಕೇಳುವಂತೆ ಕಿರುಚಿದ. ಲಾಸಿಯೊ ಮುಖವನ್ನು ಅತ್ತ ಇತ್ತ ತಿರುಗಿಸಿದ, ಬಲಗಿವಿಗೆ ಕೈ ಅಡ್ಡ ಹಿಡಿದ, “ಏನಂದ್ರಿ ಅಣ್ಣಾ?” ಎಂದು ಕೇಳಿದ. ಎಡಗಿವಿ ಸತ್ತೇಹೋಗಿತ್ತು. ಇನ್ನೊಂದೂ ಅರ್ಧ ಹೋಗಿತ್ತು. ಉತ್ತರ ಕಿವಿಗೆ ಬೀಳದೆ ಆ ಕಟ್ಟೆಯನ್ನು ದಾಟುವ ಧೈರ್ಯ ಅವನಿಗಿರಲಿಲ್ಲ.

ಪೋನಿಮಿನ್ ಕಟ್ಟೆಯಿಂದ ಇಳಿದ. ಕುಂಟುತ್ತ ತಿರುವಿನವರೆಗೂ ಹೋಗಿ, ಅವನ ಬಲಗಿವಿಯ ಹತ್ತಿರ ಬಾಯಿಟ್ಟು ಆ ಮಾತು ಹೇಳಿದ.

“ನಿಮ್ಗೆ ತೊಂದರೆ ಕೊಟ್ಟೆ ಅಣ್ಣಾ,” ಅಂದ ಲಾಸಿಯೊ. ಹೋರಿ ಹೊಡೆದುಕೊಂಡು ಹೋದ.

ಸಂತೆ ಐದು ದಿನಕ್ಕೊಮ್ಮೆ. ಆಗಿನಿಂದ ಪ್ರತಿ ಸಂತೆಗೂ ಬಿದಿರಿನ ತಿರುವಿನಲ್ಲಿ ಅವನು ನಿಂತು ಕೂಗುತ್ತಾನೆ. ಪೋನಿಮಿನ್ ಇಳಿದು ಹೋಗುತ್ತಾನೆ.