ನನ್ನ ಕೈಯಾಗ ಕೊಡ್ರಿ

ಧೈರ್ಯ ಇದ್ರ ನನ್ನ ಮಾತ ನಂಬಬ್ಯಾಡ್ರಿ, ನೋಡೂಣು! ನಲವತ್ತ ವರ್ಷ ಕಟಕೋಳದ ಸುತ್ತ ಟಪಾಲ ಹಂಚೇನಿ. ಒಂದ ಪತ್ರಾನೂ ತಪ್ಪ ಮನಿಗೆ ಕೊಟ್ಟಾಂವಲ್ಲ. ಜೋಡೀಲೆ ಚ್ಯಾಷ್ಟೀನೂ ಹಂಚೇನಿ.

ಮೂಲಿಮನ್ಯಾಗ ಒಬ್ಬಾಕಿ ಸೊಸಿ ಇದ್ಲು. ಗಂಡನ ಹೊಡತ ತಾಳಲಾರದ, ಪುಕ್ಕಟ ವಕೀಲರನ್ನ ಕೊಡ್ರಿ ಅಂತ ರಾಮದುರ್ಗದ ಕೋರ್ಟಿಗೆ ಅರ್ಜಿ ಕಳಿಸಿದ್ಲು. ದಿನಾ ಬಾಗಿಲಕ ಬಂದು, ಸೆರಗಿನಿಂದ ಗಲ್ಲ ಮುಚ್ಚಿಕೊಂಡು, "ಪತ್ರ ಬಂದ್ರ ನನ್ನ ಕೈಯಾಗ ಕೊಡ್ರಿ, ಕಾಕಾರ" ಅನ್ನಾಕಿ.

"ನಿನಗಲ್ದ ನಿಮ್ಮ ಎಮ್ಮಿಗೆ ಕೊಡಲೇನಬೇ?" ಅಂತ ನಾ ಕಾಡಸಾಂವ. ಆಕಿ ನಗಾಕಿ.

ಪತ್ರ ಬಂದ ದಿನ ಆಕಿ ಒಳಗ ರೊಟ್ಟಿ ಬಡಿಯಾಕ ಹತ್ತಿದ್ಲು. ಕಟ್ಟಿಮ್ಯಾಲ ಕುಂತಿದ್ದ ಗಂಡ ಕೈ ಚಾಚಿದ. ಹೆಂಗಸರ ಪತ್ರ ಮನಿ ಗಂಡಸಿನ ಕೈಗೆ ಕೊಡೂದ ನನಗ ರೂಢಿ. ಕೊಟ್ಟಬಿಟ್ಟೆ.

"ವಕೀಲರ ಬೇಕಾಗ್ಯಾರೇನ ಇಕಿಗೆ!" ಅಂದಾಂವನ ಒಳಗ ಹೋಗಿ ಬಾಗಿಲಾ ಹಾಕಿದ. ರೊಟ್ಟಿ ಬಡಿಯೂ ಸಪ್ಪಳ ನಿಂತು ಬ್ಯಾರೆ ಸಪ್ಪಳ ಶುರುವಾತು.

ಮರುದಿನ ಆಕಿ ಬಾಗಿಲದಾಗ ನಿಂತು ಹಿಟ್ಟಿನ ಕೈ ಮುಂದ ಮಾಡಿದ್ಲು. "ನನ್ನ ಕೈಯಾಗ ಅಂದಿದ್ನೆಲ್ರಿ, ಕಾಕಾರ."

ತಿಂಗಳ ಬಿಟ್ಟು, ಕರದ ದಿನ ಯಾಕ ಬರಲಿಲ್ಲ ಅಂತ ಕೇಳಿ ಕೋರ್ಟಿನಿಂದ ಇನ್ನೊಂದ ಪತ್ರ ಬಂತು. ಅದನ್ನ ಆಕಿ ಕೈಯಾಗನ ಇಟ್ಟೆ. ಆಕಿ ರಾಮದುರ್ಗದ ಬಸ್ ಹತ್ತಿದ್ಲು.

ಇಷ್ಟರಾಗ ನಾ ಹುಟ್ಟಿಸಿ ಹೇಳಿದ್ದು ಒಂದ: ಆ ಎರಡನೇ ಪತ್ರ. ಅದು ಬರಲೇ ಇಲ್ಲ, ಆಕಿ ಬಸ್ ಹತ್ತಲೂ ಇಲ್ಲ. ರಿಟೈರ್ ಆಗೂ ತನಕ ನಾ ಆ ಬಾಗಿಲ ಮುಂದ ಹಾದ ಹೋದೆ. ಆಕಿ ಹೊರಗ ಬಂದು ಕೇಳೂದ ಬಿಟ್ಟಿದ್ಲು.